ಸಾಂಬ್ರಾದ ಗಾಳಿ, ಮುರಿಯುವ ಮುಂಗಾಲು

ಸಣ್ಣ ವಿಮಾನವೊಂದು ಇಳಿಯುವಾಗ ಗಾಳಿಗೆ ಸಿಕ್ಕು ಮುರಿಯಿತು ಎಂದು ಓದಿದರೆ, ಗಾಳಿ ಅದನ್ನು ಎತ್ತಿ ಒಗೆದಿರಬೇಕು ಅನಿಸುವುದು ಸಹಜ. ಹಾಗಾಗುವುದು ಕಡಿಮೆ. ಬಹಳ ಸಲ ನಡೆಯುವುದು ಬೇರೆ. ಗಾಳಿಯ ಹೊಡೆತಕ್ಕೆ ಅಂಜಿ ಪೈಲಟ್ ವೇಗ ಜಾಸ್ತಿ ಇಟ್ಟುಕೊಂಡು ಬರುತ್ತಾರೆ. ವಿಮಾನ ನೆಲಕ್ಕೆ ಕೂಡಲು ಒಲ್ಲೆ ಅನ್ನುತ್ತದೆ. ಯೋಕ್ (ಮೂಗು ಏರಿಳಿಸುವ, ರೆಕ್ಕೆ ವಾಲಿಸುವ ಹಿಡಿಕೆ) ಮುಂದೆ ತಳ್ಳಿ ಅದನ್ನು ಕೂಡಿಸಲು ನೋಡುತ್ತಾರೆ. ಮುಂದಿನ ಗಾಲಿ ಮೊದಲು ಬಡಿಯುತ್ತದೆ, ವಿಮಾನ ಪುಟಿಯುತ್ತದೆ, ಮತ್ತೆ ತಳ್ಳುತ್ತಾರೆ. ಎರಡನೆಯದೋ ಮೂರನೆಯದೋ ಬಡಿತಕ್ಕೆ ಮುಂಗಾಲು ಮುರಿದು ಪ್ರೊಪೆಲರ್ ಡಾಂಬರು ಕೆತ್ತುತ್ತದೆ. ಗಾಳಿ ಆಟ ಶುರು ಮಾಡಿತು, ಮುರಿದದ್ದು ಕೈ. ಈ ಬರಹ ಆ ಕೊನೆಯ ಅರ್ಧ ನಿಮಿಷದ ಬಗ್ಗೆ. ಸಾಂಬ್ರಾದಲ್ಲಿ ಹಾರಾಟ ಕಲಿಯಲು ಬಂದವರಿಗೆ, ಬರಬೇಕೆಂದಿರುವವರಿಗೆ.

ಮೊದಲು ಜಾಗ. ಬೆಳಗಾವಿಯ ಪೂರ್ವಕ್ಕೆ ಹತ್ತು ಕಿಲೋಮೀಟರ್ ಆಚೀಚೆ ಇರುವ ಸಾಂಬ್ರಾ ನಿಲ್ದಾಣ 1942ರಲ್ಲಿ, ಯುದ್ಧದ ಕಾಲದಲ್ಲಿ, ಬ್ರಿಟಿಷ್ ವಾಯುಪಡೆ ಮಾಡಿದ್ದು. ಈಗಿನ ರನ್‌ವೇ 2,300 ಮೀಟರ್ ಉದ್ದ, 45 ಮೀಟರ್ ಅಗಲ, ದಿಕ್ಕು 08–26, ಅಂದರೆ 80 ಮತ್ತು 260 ಡಿಗ್ರಿ. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ. ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದ ನಡುವಿಂದ ಬರುವುದರಿಂದ, 26ಕ್ಕೆ ಇಳಿಯುವವರಿಗೆ ಅದು ಹೆಚ್ಚುಕಡಿಮೆ ಮುಖಕ್ಕೇ ಸಿಗುತ್ತದೆ. ಇದು ದೊಡ್ಡ ಅನುಕೂಲ. ಆದರೆ ಆ ಗಾಳಿ ಸಮುದ್ರದಿಂದ ನೆಟ್ಟಗೆ ಬಂದದ್ದಲ್ಲ. ಕೊಂಕಣದ ಕಡೆಯ ಕಡಿದಾದ ಗೋಡೆ ಏರಿ, ಚೋರ್ಲಾ, ಜಾಂಬೋಟಿ ಕಡೆಯ ಗುಡ್ಡಗಳ ಮೇಲೆ ಒಡೆದು, ನಮ್ಮ ಬಯಲಿಗೆ ಬರುತ್ತದೆ. ಯಳ್ಳೂರಿನ ರಾಜಹಂಸಗಡದ ಮೇಲೆ ಆಷಾಢದಲ್ಲಿ ನಿಂತವರಿಗೆ ಗೊತ್ತು, ಗಾಳಿ ಒಂದೇ ಸಮ ಬೀಸುವುದಿಲ್ಲ, ತಡೆತಡೆದು ನೂಕುತ್ತದೆ. ವಿಮಾನಕ್ಕೆ ತೊಂದರೆ ಆ ತಡೆಯುವಿಕೆಯಿಂದ. ಒಂದೇ ಸಮ ಬೀಸುವ 25 ನಾಟ್ ಗಾಳಿ ಮುಖಕ್ಕಿದ್ದರೆ ಇಳಿಯುವುದು ಸಲೀಸು. 12ರಿಂದ 24ರ ನಡುವೆ ಏರಿಳಿಯುವ ಗಾಳಿಯೇ ಕಾಡುವುದು. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.; ಮುಂದಿನದೆಲ್ಲ ನಾಟ್‌ನಲ್ಲೇ ಇದೆ.

ಮೆಟಾರ್, ಅಂದರೆ ನಿಲ್ದಾಣದ ಹವಾಮಾನ ವರದಿ, ಓದುವಾಗ ಒಂದು ಸಂಗತಿ ಗಮನಕ್ಕಿರಲಿ. ಅದರಲ್ಲಿರುವ ಗಾಳಿ 10 ನಿಮಿಷದ ಸರಾಸರಿ. ಹೊಡೆತವನ್ನು, ಅಂದರೆ ಗಸ್ಟ್ ಅನ್ನು, ಅದು ಸರಾಸರಿಗಿಂತ 10 ನಾಟ್ ಅಥವಾ ಹೆಚ್ಚು ಇದ್ದರೆ ಮಾತ್ರ ಬರೆಯುತ್ತಾರೆ. ಸರಾಸರಿ 16 ಇದ್ದು ಗಾಳಿ ಆಗಾಗ 25 ಮುಟ್ಟುತ್ತಿದ್ದರೆ, ಮೆಟಾರ್‌ನಲ್ಲಿ ಜಿ ಅಕ್ಷರವೇ ಇರುವುದಿಲ್ಲ. ಜಿ ಇಲ್ಲ ಎಂದ ಮಾತ್ರಕ್ಕೆ ಗಾಳಿ ಸಮ ಇದೆ ಎಂದು ಕೂಡಬಾರದು. ಟವರ್ ಹೇಳುವುದು 2 ನಿಮಿಷದ ಸರಾಸರಿ, ಅದು ಹೆಚ್ಚು ತಾಜಾ. ಫೈನಲ್‌ಗೆ, ರನ್‌ವೇ ನೇರಕ್ಕೆ ಇಳಿಯುವ ಕೊನೆಯ ಹಾದಿಗೆ, ಬಂದ ಮೇಲೂ ಒಮ್ಮೆ ಗಾಳಿ ಕೇಳುವುದರಲ್ಲಿ ನಾಚಿಕೆ ಇಲ್ಲ. ವಿಂಡ್‌ಸಾಕ್ (ಗಾಳಿ ತೋರುವ ಬಟ್ಟೆಯ ಚೀಲ) ಸಾಮಾನ್ಯವಾಗಿ 15 ನಾಟ್ ಹೊತ್ತಿಗೆ ಪೂರ್ತಿ ಸೆಟೆದು ನಿಲ್ಲುತ್ತದೆ. ಅದರ ಮೇಲೆ 18 ಆದರೂ ಅಷ್ಟೇ, 30 ಆದರೂ ಅಷ್ಟೇ. ಅದರ ಬಾಲ ಎಷ್ಟು ಅಗಲಕ್ಕೆ ಹೊಯ್ದಾಡುತ್ತದೆ ನೋಡಿ, ದಿಕ್ಕು ಎಷ್ಟು ಬದಲಾಗುತ್ತಿದೆ ತಿಳಿಯುತ್ತದೆ.

ಈಗ ಒಂದು ಲೆಕ್ಕ. ರನ್‌ವೇ 26, ಗಾಳಿ 300 ಡಿಗ್ರಿಯಿಂದ 18, ಹೊಡೆತ 30. ರನ್‌ವೇಗೂ ಗಾಳಿಗೂ ನಡುವಿನ ಕೋನ 40 ಡಿಗ್ರಿ. ಅಡ್ಡಗಾಳಿಯ ಪಾಲು ಸುಮಾರು 0.64, ಮುಖಗಾಳಿಯ ಪಾಲು 0.77. ಸಾಧಾರಣ ಹೊತ್ತಿನಲ್ಲಿ ಅಡ್ಡ 11.5, ಮುಖಕ್ಕೆ 14. ಹೊಡೆತ ಬಂದಾಗ ಅಡ್ಡ 19, ಮುಖಕ್ಕೆ 23. ಸೆಸ್ನಾ 172ಎಸ್ ಎಂಬ ಸಣ್ಣ ತರಬೇತಿ ವಿಮಾನದ ಕೈಪಿಡಿ ಹೇಳುವ, ಪರೀಕ್ಷೆಯಲ್ಲಿ ತೋರಿಸಿದ ಅಡ್ಡಗಾಳಿ 15. ಹಳೆಯ 152ಕ್ಕೆ 12. ಆ ಸಂಖ್ಯೆ ವಿಮಾನದ ಕಟ್ಟಕಡೆಯ ಮಿತಿಯಲ್ಲ, ನಿಜ. ಆದರೆ ಅದನ್ನು ಮಾಡಿ ತೋರಿಸಿದವರು ಟೆಸ್ಟ್ ಪೈಲಟ್‌ಗಳು. 40 ಗಂಟೆ ಹಾರಿದವರು ಅದನ್ನು ಗಡಿಯೆಂದೇ ತಿಳಿಯುವುದು ಮೇಲು, ಒಬ್ಬರೇ ಹಾರುವಾಗ ಶಾಲೆ ಹಾಕಿದ ಇನ್ನೂ ಚಿಕ್ಕ ಮಿತಿಯನ್ನು. ಲೆಕ್ಕ ಹಾಕುವಾಗ ಸರಾಸರಿಯನ್ನಲ್ಲ, ಹೊಡೆತದ ಸಂಖ್ಯೆಯನ್ನು ಹಿಡಿಯಿರಿ. ಕೋನ 30 ಇದ್ದರೆ ಅರ್ಧ, 45 ಇದ್ದರೆ 0.7, 60 ದಾಟಿದರೆ ಇಡೀ ಗಾಳಿಯೇ ಅಡ್ಡ ಎಂದು ಇಟ್ಟುಕೊಂಡರೆ ಸಾಕು, ಕಾಕ್‌ಪಿಟ್‌ನಲ್ಲಿ ಕ್ಯಾಲ್ಕುಲೇಟರ್ ಬೇಡ.

ವೇಗ ಎಷ್ಟು ಸೇರಿಸಬೇಕು? ರೂಢಿ ಹೀಗಿದೆ: ಸರಾಸರಿಗೂ ಹೊಡೆತಕ್ಕೂ ಇರುವ ಅಂತರದ ಅರ್ಧ. ಮೇಲಿನ ಲೆಕ್ಕದಲ್ಲಿ ಅಂತರ 12, ಅರ್ಧ 6. 65ರಲ್ಲಿ ಬರುವವರು 71ರಲ್ಲಿ ಬರಬೇಕು. ಅಷ್ಟೇ. ಅಪ್ಪ ಹೇಳಿದ್ದಕ್ಕೆ ಐದು, ಅಂಜಿಕೆಗೆ ಐದು ಅಂತ ಸೇರಿಸುತ್ತ 80ಕ್ಕೆ ಒಯ್ಯುವವರೇ ಮುಂದೆ ಮುಂಗಾಲು ಮುರಿಯುವುದು. ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗಿಸುವ ಪಟ್ಟಿ) ಪೂರ್ತಿ 30 ಡಿಗ್ರಿ ಬೇಡ. ಜೋರು ಅಡ್ಡಗಾಳಿಯಲ್ಲಿ ರನ್‌ವೇ ಉದ್ದಕ್ಕೆ ಬೇಕಾದಷ್ಟೇ ಕನಿಷ್ಠ ಫ್ಲ್ಯಾಪ್ ಇಡಿ ಎಂದು ಕೈಪಿಡಿಯೇ ಹೇಳುತ್ತದೆ. ಸಾಂಬ್ರಾದ 2,300 ಮೀಟರ್‌ನಲ್ಲಿ 172 ನಾಲ್ಕು ಸಲ ಇಳಿದು ನಿಂತೀತು. 10 ಅಥವಾ 20 ಡಿಗ್ರಿ ಸಾಕು. ಮೊದಲ ಗುರುತಿನ ಮೇಲೇ ಗಾಲಿ ಇಡಬೇಕೆಂಬ ಹಟ ಪರೀಕ್ಷೆಯ ದಿನಕ್ಕಿರಲಿ.

ಬೇಸಿಗೆಯಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. 2,500 ಅಡಿಯಲ್ಲಿ ಪ್ರಮಾಣಿತ ಉಷ್ಣತೆ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 36 ಇದ್ದರೆ 26 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿಯಂತೆ 3,100 ಅಡಿ ಕೂಡಿಸಿದರೆ ವಿಮಾನಕ್ಕೆ ಆ ಗಾಳಿ 5,600 ಅಡಿಯ ಗಾಳಿಯಷ್ಟು ತೆಳು. ವೇಗದ ಮುಳ್ಳು 71 ತೋರಿಸುವಾಗ ನಿಜವಾದ ವೇಗ 77ರ ಹತ್ತಿರ. ಎಂಜಿನ್ ಬಲವೂ ಕಡಿಮೆ, ಹಾಗಾಗಿ ಮತ್ತೆ ಮೇಲೇರುವುದು ನಿಧಾನ.

ಇನ್ನು ಆ ಅರ್ಧ ನಿಮಿಷ. ಫೈನಲ್‌ನಲ್ಲಿ 71 ಇದ್ದಾಗ ಗಾಳಿ ಏಕಾಏಕಿ ಬಿದ್ದರೆ, ಮುಖಗಾಳಿ 23ರಿಂದ 14ಕ್ಕೆ ಇಳಿದು 9 ನಾಟ್ ಮಾಯ. ಮುಳ್ಳು 62 ತೋರಿಸುತ್ತದೆ, ತುಸು ಥ್ರಾಟಲ್ (ಎಂಜಿನ್ ಬಲ) ಕೊಟ್ಟರೆ ಮುಗಿಯಿತು. ಇದೇ 9 ನಾಟ್, ನೆಲ ಮುಟ್ಟುವ ಮುನ್ನ ಮೂಗು ಎತ್ತುವ ಫ್ಲೇರ್‌ನಲ್ಲಿ, ರನ್‌ವೇಯಿಂದ ಐದಡಿ ಮೇಲೆ, ವೇಗ 50 ಇರುವಾಗ ಹೋದರೆ ಉಳಿಯುವುದು 41. ತುಂಬು ತೂಕದ 172ಎಸ್ ಪೂರ್ತಿ ಫ್ಲ್ಯಾಪ್‌ನಲ್ಲಿ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತಿ ಹಿಡಿಯಲಾರದಾಗುವುದು, 40ರಲ್ಲಿ, ಫ್ಲ್ಯಾಪ್ ಇಲ್ಲದೆ 48ರಲ್ಲಿ. ಅಂದರೆ ರೆಕ್ಕೆ ಅಲ್ಲಿಗೇ ಕೈಬಿಟ್ಟಿತು, ವಿಮಾನ ದೊಪ್ಪನೆ ಕೂತಿತು. ಹಾಗೆ ಕೂತರೂ ಬಹಳ ಸಲ ಹಿಂದಿನ ಎರಡು ಗಾಲಿಯ ಉಕ್ಕಿನ ಕಾಲುಗಳು ಬಾಗಿ ಆ ಏಟು ತಾಳಿಕೊಳ್ಳುತ್ತವೆ, ಅವನ್ನು ಮಾಡಿದ್ದೇ ಅದಕ್ಕೆ. ಆದರೆ ಅವು ಸ್ಪ್ರಿಂಗ್. ತಗೊಂಡದ್ದನ್ನು ತಿರುಗಿ ಕೊಡುತ್ತವೆ, ವಿಮಾನ ಪುಟಿಯುತ್ತದೆ.

ಪುಟಿದಾಗ ಕಾಣುವುದು ಆಕಾಶ. ಕೈ ತಾನಾಗಿ ಯೋಕ್ ಮುಂದೆ ಒಯ್ಯುತ್ತದೆ. ಎಲಿವೇಟರ್ (ಮೂಗು ಏರಿಳಿಸುವ ಬಾಲದ ಪಟ್ಟಿ) ಕೆಲಸ ಮಾಡಿ ಮೂಗು ಇಳಿಯುವ ಹೊತ್ತಿಗೆ ವಿಮಾನ ಆಗಲೇ ಕೆಳಗೆ ಬರುತ್ತಿರುತ್ತದೆ, ಹೀಗಾಗಿ ಮೂಗು ಮತ್ತು ಇಳಿತ ಎರಡೂ ಕೂಡಿ ಮುಂಗಾಲಿನ ಮೇಲೆ ಬೀಳುತ್ತವೆ. ಅದು ಹಿಂದಿನ ಕಾಲುಗಳಂತೆ ಉಕ್ಕಿನ ಸ್ಪ್ರಿಂಗ್ ಅಲ್ಲ, ಎಣ್ಣೆ-ಗಾಳಿ ತುಂಬಿದ ಓಲಿಯೊ ಕಂಬ, ಎಂಜಿನ್ ಹಿಂದಿನ ಫೈರ್‌ವಾಲ್ ತಗಡಿಗೆ ಬಿಗಿದದ್ದು. ವಿಮಾನದ ಇಡೀ ಭಾರ ಹೊರಲು ಅದನ್ನು ಮಾಡಿಲ್ಲ. ಕೈಯ ಕೆಲಸ ಪ್ರತಿ ಸಲ ಒಂದು ಹೆಜ್ಜೆ ತಡವಾಗುವುದರಿಂದ ಪ್ರತಿ ಪುಟಿತ ಹಿಂದಿನದಕ್ಕಿಂತ ಎತ್ತರ. ಪ್ರೊಪೆಲರ್ ತುದಿಗೂ ನೆಲಕ್ಕೂ ನಡುವೆ ಇರುವುದು ಒಂದು ಗೇಣಿಗಿಂತ ತುಸು ಹೆಚ್ಚು. ಕಂಬ ಕುಸಿದರೆ ಆ ಗೇಣು ಉಳಿಯುವುದಿಲ್ಲ.

ವೇಗದ ಮಾತು ಇಲ್ಲಿಗೂ ಬರುತ್ತದೆ. 70ರಲ್ಲಿ ನೆಲ ಮುಟ್ಟಿದ ವಿಮಾನದ ಶಕ್ತಿ 50ರಲ್ಲಿ ಮುಟ್ಟಿದ್ದರ ಎರಡರಷ್ಟು. ಗಾಲಿ ನೆಲದ ಮೇಲಿದ್ದರೂ ಭಾರವನ್ನೆಲ್ಲ ರೆಕ್ಕೆಯೇ ಹೊತ್ತಿರುತ್ತದೆ, ಬ್ರೇಕ್ ಒತ್ತಿದರೆ ಟೈರ್ ಉಜ್ಜುತ್ತದೆಯೇ ಹೊರತು ಹಿಡಿತವಿಲ್ಲ. ಆಗ ಯೋಕ್ ಮುಂದೆ ಒತ್ತಿದರೆ ಹಿಂದಿನ ಗಾಲಿಗಳು ಹಗುರಾಗಿ ವಿಮಾನ ಮುಂದಿನ ಒಂದೇ ಗಾಲಿಯ ಮೇಲೆ ಓಡುತ್ತದೆ, ಥೇಟ್ ಒಂದು ಗಾಲಿಯ ಕೈಬಂಡಿ. ಆ ಹೊತ್ತಿನಲ್ಲಿ ಬಲದಿಂದ ಒಂದು ಹೊಡೆತ ಬಂದರೆ ಬಾಲ ಎಡಕ್ಕೆ, ಮೂಗು ಗಾಳಿಯ ಕಡೆಗೆ. ರನ್‌ವೇ ಬಿಟ್ಟು ಹುಲ್ಲಿಗೆ.

ಇದರಿಂದ ಪಾರಾಗಬೇಕಾದ್ದು ಮೊದಲ ಪುಟಿತದಲ್ಲೇ. ಒಂದೆರಡು ಅಡಿ ಪುಟಿದಿದ್ದು ಮೂಗು ರನ್‌ವೇಗೆ ನೇರ ಇದ್ದರೆ, ಯೋಕ್ ಇದ್ದಲ್ಲೇ ಹಿಡಿದು, ಬೆರಳಷ್ಟು ಥ್ರಾಟಲ್ ಕೊಟ್ಟು, ಮತ್ತೆ ನಿಧಾನ ಇಳಿಯಬಹುದು. ಅದಕ್ಕಿಂತ ಹೆಚ್ಚಾದರೆ, ಅಥವಾ ವಿಮಾನ ಪಕ್ಕಕ್ಕೆ ಸರಿಯುತ್ತಿದ್ದರೆ, ಗೋ-ಅರೌಂಡ್, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರುವುದು. 172ಎಸ್‌ನಲ್ಲಿ ಕ್ರಮ: ಥ್ರಾಟಲ್ ಪೂರ್ತಿ, ಫ್ಲ್ಯಾಪ್ 30 ಇದ್ದರೆ ಕೂಡಲೇ 20ಕ್ಕೆ, ವೇಗ 60, ಅಡ್ಡಿಗಳು ದಾಟಿದ ಮೇಲೆ 10ಕ್ಕೆ, ಸುರಕ್ಷಿತ ಎತ್ತರ ಸಿಕ್ಕು 65 ಆದ ಮೇಲೆ ಪೂರ್ತಿ ಮೇಲಕ್ಕೆ. ಕೆಡುವುದು ಎರಡು ಕಡೆ. ಒಂದು, ಇಳಿಯುವುದಕ್ಕೆಂದು ಟ್ರಿಮ್ ಮಾಡಿದ, ಅಂದರೆ ಯೋಕ್ ಕೈಗೆ ಹಗುರಾಗುವಂತೆ ಹೊಂದಿಸಿದ, ವಿಮಾನಕ್ಕೆ ಪೂರ್ತಿ ಬಲ ಕೊಟ್ಟಾಗ ಮೂಗು ಜೋರಾಗಿ ಮೇಲೆದ್ದು ಎಡಕ್ಕೆ ಎಳೆಯುತ್ತದೆ. ಯೋಕನ್ನು ಬಲವಾಗಿ ಮುಂದೆ ಹಿಡಿಯಬೇಕು, ಬಲಗಡೆಯ ರಡ್ಡರ್ ಪೆಡಲ್ (ಮೂಗನ್ನು ಎಡ-ಬಲಕ್ಕೆ ತಿರುಗಿಸುವುದು) ಒತ್ತಬೇಕು. ಇಲ್ಲಿ ಮುಂದೆ ತಳ್ಳುವುದು ಸರಿ, ಯಾಕೆಂದರೆ ಎಂಜಿನ್ ಬಲ ಜೊತೆಗಿದೆ. ಎರಡು, ಗಾಬರಿಯಲ್ಲಿ ಫ್ಲ್ಯಾಪ್ ಒಮ್ಮೆಲೇ ಪೂರ್ತಿ ಎತ್ತಿದರೆ ವಿಮಾನ ಕುಸಿದು ಮತ್ತೆ ರನ್‌ವೇಗೇ ಬೀಳುತ್ತದೆ. ಟವರ್‌ಗೆ ಹೇಳುವುದು ಇದೆಲ್ಲ ಆದ ಮೇಲೆ. ಮೊದಲು ಮೈಕ್ ಒತ್ತುವವರನ್ನು ಕಂಡರೆ ಇನ್‌ಸ್ಟ್ರಕ್ಟರ್‌ಗಳಿಗೆ ಸಿಟ್ಟು ಬರುವುದು ಸುಮ್ಮನೆ ಅಲ್ಲ.

ನೇಪಾಳದ ಲುಕ್ಲಾದಲ್ಲಿ ಈ ಅವಕಾಶವೇ ಇಲ್ಲ. 2,845 ಮೀಟರ್ ಎತ್ತರ, 527 ಮೀಟರ್ ರನ್‌ವೇ, ಸುಮಾರು ನೂರಕ್ಕೆ 12ರ ಏರು, ಕೊನೆಗೆ ಗುಡ್ಡ. ಅಲ್ಲಿ ಬೆಳಿಗ್ಗೆಯೇ ಹಾರಾಟ ಮುಗಿಸಲು ನೋಡುವುದು, ಲೇಹ್‌ನಲ್ಲೂ ಬೆಳಗಿನ ವಿಮಾನಗಳಿಗೇ ಆದ್ಯತೆ ಇರುವುದು, ಬಿಸಿಲೇರಿದ ಮೇಲೆ ಕಣಿವೆಯಲ್ಲಿ ಗಾಳಿ ಏಳುತ್ತದೆ ಎಂಬ ಕಾರಣಕ್ಕೆ. ಸಾಂಬ್ರಾದಲ್ಲಿ ಸುತ್ತ ಬಯಲು, ಎಷ್ಟು ಸಲ ಬೇಕಾದರೂ ಮೇಲೆ ಹೋಗಿ ಸುತ್ತಿ ಬರಬಹುದು. ಇಷ್ಟು ಉದಾರ ಜಾಗದಲ್ಲೂ ಬಲವಂತದಿಂದ ಇಳಿದು ಮುರಿದುಕೊಳ್ಳುವುದು ನನಗೆ ಅರ್ಥವಾಗದ ಮಾತು.

ಅಡ್ಡಗಾಳಿಯಲ್ಲಿ ಇಳಿಯುವ ಕ್ರಮ ಎಲ್ಲ ಪುಸ್ತಕದಲ್ಲಿದೆ: ಮೂಗು ಗಾಳಿಯ ಕಡೆ ಇಟ್ಟು ಬರುವುದು, ಫ್ಲೇರ್ ಹತ್ತಿರ ರಡ್ಡರ್‌ನಿಂದ ಮೂಗು ನೇರ ಮಾಡಿ ಗಾಳಿ ಕಡೆಯ ರೆಕ್ಕೆ ತಗ್ಗಿಸುವುದು, ಗಾಳಿ ಕಡೆಯ ಗಾಲಿ ಮೊದಲು, ನಂತರ ಇನ್ನೊಂದು, ಮುಂಗಾಲು ಕೊನೆಗೆ. ಮರೆಯುವುದು ಅದರ ನಂತರದ್ದು. ಗಾಲಿ ಮುಟ್ಟಿದ ಕೂಡಲೇ ಇಳಿದಾಯಿತು ಎಂದು ಐಲರಾನ್ (ರೆಕ್ಕೆ ವಾಲಿಸುವ ಪಟ್ಟಿ) ನಡುವಿಗೆ ತರುತ್ತಾರೆ. ವೇಗ ಇಳಿದಂತೆ ಐಲರಾನ್‌ಗೆ ಶಕ್ತಿ ಕಡಿಮೆ, ಹಾಗಾಗಿ ಅದನ್ನು ಹೆಚ್ಚಿಸುತ್ತ ಹೋಗಿ ಕೊನೆಗೆ ಗಾಳಿಯ ಕಡೆಗೆ ಪೂರ್ತಿ ತಿರುಗಿಸಿರಬೇಕು. ಓಡುತ್ತಿರುವಾಗ ಫ್ಲ್ಯಾಪ್ ಎತ್ತಬೇಕೋ ಬೇಡವೋ ಎಂಬುದರಲ್ಲಿ ಎರಡು ಅಭಿಪ್ರಾಯ ಇದೆ. ಎತ್ತಿದರೆ ಭಾರ ಗಾಲಿಗೆ ಬರುತ್ತದೆ ಎನ್ನುವುದು ನಿಜ. ಆದರೆ ಕಲಿಯುವವರು ಹಿಡಿಕೆ ಹುಡುಕಲು ಕಣ್ಣು ಒಳಗೆ ತಂದ ಆ ಎರಡು ಸೆಕೆಂಡಿನಲ್ಲೇ ವಿಮಾನ ಅಡ್ಡ ತಿರುಗುತ್ತದೆ. ಇಷ್ಟು ಉದ್ದದ ರನ್‌ವೇಯಲ್ಲಿ ಅದನ್ನು ಮುಟ್ಟದಿರುವುದೇ ವಾಸಿ ಎಂದು ನನ್ನ ಮತ.

ಫೈನಲ್‌ಗಿಂತ ಮೊದಲಿನ ಒಂದು ತಿರುವು ಇದಕ್ಕಿಂತ ಕೆಟ್ಟದ್ದು, ಅಲ್ಲಿ ಮುರಿಯುವುದು ಗಾಲಿಯಲ್ಲ. 26ಕ್ಕೆ ಎಡ ಸರ್ಕ್ಯೂಟ್ (ಎಡಕ್ಕೇ ತಿರುಗುತ್ತ ಇಳಿಯಲು ಬರುವ ಸುತ್ತು), ಗಾಳಿ 220ರಿಂದ ಎಂದಿಟ್ಟುಕೊಳ್ಳಿ. ಬೇಸ್‌ನಲ್ಲಿ, ಫೈನಲ್‌ಗೆ ತಿರುಗುವ ಮುಂಚಿನ ಅಡ್ಡ ಹಾದಿಯಲ್ಲಿ, ವಿಮಾನ ಉತ್ತರಕ್ಕೆ ಹೋಗುತ್ತಿರುತ್ತದೆ, ಗಾಳಿ ಹಿಂದಿನಿಂದ ನೂಕುತ್ತಿರುತ್ತದೆ. ಅಂದುಕೊಂಡದ್ದಕ್ಕಿಂತ ಬೇಗ ರನ್‌ವೇಯ ಗೆರೆ ದಾಟಿ ಹೋಗುತ್ತದೆ. ತಿರುಗಿ ಗೆರೆಗೆ ಬರಲು ಒಳಗಿನ ರಡ್ಡರ್ ಒತ್ತಿ, ಮೂಗು ಎತ್ತಿ ತಿರುವು ಬಿಗಿ ಮಾಡಿದರೆ ಸ್ಟಾಲ್, ಹಿಂದೆಯೇ ಸ್ಪಿನ್, ಅಂದರೆ ಗಿರಗಿರನೆ ಸುತ್ತುತ್ತ ಬೀಳುವುದು. 500 ಅಡಿಯಲ್ಲಿ ಅದರಿಂದ ಹೊರಬರಲು ಎತ್ತರ ಇಲ್ಲ. ಇಂಥ ಗಾಳಿಯಲ್ಲಿ ಬೇಗ ತಿರುಗಲು ಶುರುಮಾಡಿ, ವಾಲಿಕೆ 30 ಡಿಗ್ರಿ ದಾಟಿಸಬೇಡಿ. ಗೆರೆ ತಪ್ಪಿದರೆ ತಪ್ಪಲಿ, ಮೇಲೆ ಹೋಗಿ.

ಗುಡ್ಡದ ಸಾಲಿನ ಹತ್ತಿರ ಹಾರುವಾಗ ಇನ್ನೊಂದು ಲೆಕ್ಕ. ಸಾಲಿಗೆ ಅಡ್ಡವಾಗಿ 20 ನಾಟ್‌ಗಿಂತ ಹೆಚ್ಚು ಗಾಳಿ ಇದ್ದರೆ ಅದರ ಮರೆಯ ಕಡೆ ಗಾಳಿ ಕೆಳಗೆ ಸುರಿಯುತ್ತದೆ, ಅಡಿಯಲ್ಲಿ ಸುಳಿ ತಿರುಗುತ್ತದೆ. ಮುಂಗಾರಿನಲ್ಲಿ ಸಹ್ಯಾದ್ರಿಯ ಮರೆಯ ಕಡೆ ಎಂದರೆ ನಮ್ಮದೇ ಕಡೆ. 172ಎಸ್ ಸಮುದ್ರಮಟ್ಟದಲ್ಲಿ ಏರುವುದೇ ನಿಮಿಷಕ್ಕೆ 730 ಅಡಿ, ಬಿಸಿಲಲ್ಲಿ ಇನ್ನೂ ಕಡಿಮೆ. 1,000 ಅಡಿಯಂತೆ ಸುರಿಯುವ ಗಾಳಿಯಲ್ಲಿ ಪೂರ್ತಿ ಬಲ ಕೊಟ್ಟರೂ ಇಳಿಯುತ್ತಲೇ ಇರುತ್ತೀರಿ. ಅದಕ್ಕೆ ಸಾಲನ್ನು 45 ಡಿಗ್ರಿ ಓರೆಯಲ್ಲಿ ಸಮೀಪಿಸುವುದು, ತಿರುಗಿ ಬಯಲಿಗೆ ಬರಲು ಅರ್ಧ ತಿರುವೇ ಸಾಕಾಗುವಂತೆ. ಮೇಲೆ ಕನಿಷ್ಠ 2,000 ಅಡಿ ಇಟ್ಟುಕೊಳ್ಳಿ.

ನಮ್ಮಲ್ಲಿ ನಿಜವಾಗಿ ಮೋಸ ಮಾಡುವುದು ಏಪ್ರಿಲ್-ಮೇ ತಿಂಗಳ ಅವಕಾಳಿ (ಅಕಾಲಿಕ) ಮಳೆ. ಮಧ್ಯಾಹ್ನ ಮೂರರ ಮೇಲೆ ಎಲ್ಲೋ 15 ಕಿಲೋಮೀಟರ್ ಆಚೆ ಗುಡುಗು ಮೋಡ ಸುರಿದರೆ, ಅದರ ತಣ್ಣನೆ ಗಾಳಿ ನೆಲ ಹಿಡಿದು ಹರಡಿಕೊಂಡು ಬರುತ್ತದೆ. ಪಶ್ಚಿಮದ ಗಾಳಿ ನೋಡನೋಡುತ್ತ ಪೂರ್ವದ್ದಾಗುತ್ತದೆ, 8 ಇದ್ದದ್ದು 30. ಮಳೆ ಹನಿ ಇನ್ನೂ ಬಿದ್ದಿರುವುದಿಲ್ಲ. ಮೇಲಿನಿಂದ ಗುರುತು ಒಂದೇ: ಉತ್ತ ಹೊಲಗಳ ಮೇಲೆ ಧೂಳಿನ ಗೋಡೆ ಸರಿದು ಬರುವುದು. ಅದು ರನ್‌ವೇ ಮುಟ್ಟುವ ಮೊದಲು ಇಳಿಯಬಲ್ಲೆನೇ ಎಂದು ಪೈಪೋಟಿಗೆ ಬೀಳಬೇಡಿ. ದೂರ ಸರಿದು ಅರ್ಧ ಗಂಟೆ ಕಾಯಲು, ಇಲ್ಲವೇ ಹುಬ್ಬಳ್ಳಿಗೆ ಹೋಗಲು ಇಂಧನ ಇರಬೇಕು. 172ಎಸ್ ಟ್ಯಾಂಕ್ ತುಂಬಿದ್ದರೆ ಬಳಸಲು ಸಿಗುವುದು ಸುಮಾರು 200 ಲೀಟರ್, ಅರ್ಧ ತುಂಬಿಸಿ ಹೊರಟವರ ಲೆಕ್ಕ ಬೇರೆ. ಗಾಳಿ ಬಂದಾಗ ತೂರಿಕೋ ಎಂಬ ಮಾತು ಕಣದಲ್ಲಿ ಸರಿ, ಇಲ್ಲಿ ನಡೆಯದು.

ಇಳಿದ ಮೇಲೂ 30 ನಾಟ್ ಗಾಳಿ 172ರ ರೆಕ್ಕೆ ಎತ್ತಬಲ್ಲದು. ಗಾಳಿ ಮುಂದಿನ ಓರೆಯಿಂದ ಇದ್ದರೆ ಐಲರಾನ್ ಗಾಳಿಯ ಕಡೆಗೆ, ಎಲಿವೇಟರ್ ನಡುವೆ. ಹಿಂದಿನ ಓರೆಯಿಂದ ಇದ್ದರೆ ಐಲರಾನ್ ಗಾಳಿಗೆ ವಿರುದ್ಧ, ಯೋಕ್ ಮುಂದೆ. ಟ್ಯಾಕ್ಸಿ ನಡಿಗೆಯ ವೇಗದಲ್ಲಿ.

ಮುಂಗಾಲು ಮುರಿದೇ ಬಿಟ್ಟರೆ: ಮಿಕ್ಸ್‌ಚರ್ (ಇಂಧನ ಮಿಶ್ರಣದ ಹಿಡಿಕೆ) ಪೂರ್ತಿ ಹೊರಗೆ, ಫ್ಯೂಯಲ್ ಶಟ್‌ಆಫ್ ಎಳೆದು, ಮ್ಯಾಗ್ನೆಟೊ (ಎಂಜಿನ್ ಕಿಡಿ) ಆಫ್, ಮಾಸ್ಟರ್ (ವಿದ್ಯುತ್) ಆಫ್, ಹೊರಗೆ ಬಂದು ಗಾಳಿ ಬರುವ ಕಡೆಗೆ ನಡೆಯಿರಿ. ವಿಮಾನ ಮಗುಚಿದ್ದರೆ ಬೆಲ್ಟ್ ಬಿಚ್ಚುವ ಮೊದಲು ಒಂದು ಕೈ ಛಾವಣಿಗೆ ಊರಿಕೊಳ್ಳಿ, ಇಲ್ಲದಿದ್ದರೆ ಕತ್ತಿನ ಮೇಲೆ ಬೀಳುತ್ತೀರಿ. ಜನರನ್ನು ಹೊರತೆಗೆಯುವುದು, ಬೆಂಕಿ ಅಥವಾ ಅಪಾಯ ತಪ್ಪಿಸುವುದು, ಇಂಥ ಅಗತ್ಯಕ್ಕೆ ಬಿಟ್ಟು ವಿಮಾನವನ್ನು ಅಲುಗಾಡಿಸುವಂತಿಲ್ಲ. ತನಿಖೆ 2012ರಲ್ಲಿ ಶುರುವಾದ ವಿಮಾನ ಅಪಘಾತ ತನಿಖಾ ಬ್ಯೂರೋದ್ದು.

ಮುರಿಯದೆ ಬರೀ ಜೋರಾಗಿ ಕೂತಿದ್ದರೆ ಸುಮ್ಮನೆ ಮುಂದಿನ ಹುಡುಗನಿಗೆ ವಿಮಾನ ಕೊಟ್ಟು ಹೋಗುವ ಚಾಳಿ ಕೆಟ್ಟದ್ದು. ಟೆಕ್ ಲಾಗ್‌ನಲ್ಲಿ (ವಿಮಾನದ ದಾಖಲೆ ಪುಸ್ತಕದಲ್ಲಿ) ಬರೆಯಿರಿ. ಎಂಜಿನಿಯರ್ ಕೌಲಿಂಗ್ (ಎಂಜಿನ್ ಹೊದಿಕೆ) ಬಿಚ್ಚಿ ಫೈರ್‌ವಾಲ್ ಕೆಳಭಾಗ ನೋಡುತ್ತಾರೆ. ತಗಡು ಸುಕ್ಕುಗಟ್ಟಿದೆಯೇ, ರಿವೆಟ್ ಸುತ್ತ ಕಪ್ಪು ಗೆರೆ ಬಂದಿದೆಯೇ, ರಡ್ಡರ್ ಪೆಡಲ್ ಎಲ್ಲಾದರೂ ಹಿಡಿಯುತ್ತದೆಯೇ. ರೇಡಿಯೊದಲ್ಲಿ ತುರ್ತು ತರಂಗ 121.5 ಹಚ್ಚಿ ಕೇಳಬೇಕು, ಏಟಿಗೆ ತುರ್ತು ಬೀಕನ್ ತಾನೇ ಚಾಲೂ ಆಗಿರಬಹುದು. ಪ್ರೊಪೆಲರ್ ತುದಿಯಲ್ಲಿ ಡಾಂಬರಿನ ಗುರುತು ಸಿಕ್ಕಿತೋ, ಅದನ್ನು ಫೈಲ್ ಹಾಕಿ ಉಜ್ಜಿ ನುಣುಪು ಮಾಡಿದರೆ ಮುಗಿಯುವುದಿಲ್ಲ. ತಿರುಗುತ್ತಿದ್ದ ಪ್ರೊಪೆಲರ್ ನೆಲಕ್ಕೆ ತಾಗಿ ಆರ್‌ಪಿಎಂ ಒಮ್ಮೆಲೇ ಬಿದ್ದಿದ್ದರೆ ಎಂಜಿನ್ ಇಳಿಸಿ ಬಿಚ್ಚಿ ನೋಡಬೇಕೆಂದು ಎಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿಯ 533ನೇ ಸರ್ವಿಸ್ ಬುಲೆಟಿನ್ ಹೇಳುತ್ತದೆ. ಕ್ರ್ಯಾಂಕ್‌ಶಾಫ್ಟ್ ಹಿಂದಿನ ಗಿಯರ್ ಹಿಡಿದಿರುವ ಬೋಲ್ಟನ್ನು ಆಗ ಹೊಸದಾಗಿ ಹಾಕಲೇಬೇಕು. ಆ ಗಿಯರ್ ಸಡಿಲಾದರೆ ಎಂಜಿನ್ ನಿಲ್ಲುತ್ತದೆ, ಅದೂ ಇನ್ನೊಬ್ಬರು ಹಾರಿಸುತ್ತಿರುವಾಗ.